ಬೆಳಗಾವಿಯ ಹಳೆ ಆಕ್ಟೇವಿಯಾ ಆರ್‌ಎಸ್ ತಗೋಬಹುದಾ?

ಪ್ರಶ್ನೆ (ವಾಕಡ್, ಪುಣೆ): ನಮಸ್ಕಾರ ಸರ್. ಬೆಳಗಾವಿಯಲ್ಲಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾದ ಸ್ಪೋರ್ಟಿ ಮಾದರಿ) ಮಾರಾಟಕ್ಕಿದೆ. ಕೆಎ-22 ನಂಬರ್, ಫಸ್ಟ್ ಓನರ್. ಹೋದ ತಿಂಗಳು ಗೆಳೆಯನ ಹೊಸ ಆರ್‌ಎಸ್ ಓಡಿಸಿದೆ, ಹುಚ್ಚೇ ಹಿಡಿಯಿತು. ಅದನ್ನು ಓಡಿಸಿದ ಮೇಲೆ ಹಳೆಯದು ಸಪ್ಪೆ ಅನ್ನಿಸುತ್ತಾ? ದಿನಾ ಆಫೀಸಿಗೂ ಇದನ್ನೇ ಒಯ್ಯಬೇಕು.

ಉತ್ತರ (ಗ್ಯಾರೇಜ್, ಭೋಸರಿ): ನಮಸ್ಕಾರ. ಓಟದಲ್ಲಿ ಹಳೆಯದು ಹೊಸದರ ಹತ್ತಿರಕ್ಕೂ ಬರಲ್ಲ. 2025ರ ಆರ್‌ಎಸ್‌ಗೆ 2 ಲೀಟರ್ ಟರ್ಬೊ ಇಂಜಿನ್, 265 ಪಿಎಸ್ (ಇಂಜಿನ್ ಶಕ್ತಿಯ ಅಳತೆ). ನಿಂತಲ್ಲಿಂದ 100 ಮುಟ್ಟೋಕೆ 6.4 ಸೆಕೆಂಡ್. 2025ರಲ್ಲಿ ನಮ್ಮ ದೇಶಕ್ಕೆ ಬಂದಿದ್ದೇ 100 ಗಾಡಿ, ಆಗ ಶೋರೂಮ್ ಬೆಲೆ 49.99 ಲಕ್ಷ ಇತ್ತು. ನೀವು ನೋಡಿರೋದು 1.8 ಟರ್ಬೊ, 150 ಪಿಎಸ್, 5 ಗೇರ್ ಮ್ಯಾನುವಲ್.

ಆದರೆ ಸಪ್ಪೆ ಅಂತ ನಾನು ಒಪ್ಪಲ್ಲ. ಖಂಡಾಲಾ ಘಾಟ್‌ನ ಹಳೆ ರಸ್ತೆಯಲ್ಲಿ ಓಡಿಸಿ ನೋಡಿ. ಸ್ಟೇರಿಂಗ್ ಹೈಡ್ರಾಲಿಕ್, ರಸ್ತೆಯ ಒಂದೊಂದು ಉಬ್ಬೂ ಕೈಗೆ ಗೊತ್ತಾಗುತ್ತೆ. ತಿರುವಿಗೆ ಮುಂಚೆ ನೀವೇ ಎರಡನೇ ಗೇರ್‌ಗೆ ಇಳಿಸಬೇಕು. ಆರ್‌ಪಿಎಂ ಕೆಳಗಿದ್ದರೆ ಗಾಡಿ ಸುಮ್ನೆ ಇರುತ್ತೆ, ಟರ್ಬೊ ಹಿಡಿದ ಮೇಲೆ ನೋಡಿ, ಸೀಟಿಗೆ ಒತ್ತಿಬಿಡುತ್ತೆ. ಹೊಸದರಲ್ಲಿ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಿಮ್ಮನ್ನು ಕೇಳದೇ ಗೇರ್ ಬದಲಿಸಿರುತ್ತೆ. ಎಕ್ಸ್‌ಪ್ರೆಸ್‌ವೇನಲ್ಲಿ 100ರ ಮಿತಿ ಇರುವಾಗ ಆ 265 ಪಿಎಸ್ ಅರ್ಧಕ್ಕರ್ಧ ಮಲಗಿಯೇ ಇರುತ್ತೆ. ನನಗಂತೂ ಹಳೆಯದೇ ಜಾಸ್ತಿ ಇಷ್ಟ.

ದಿನಾ ಆಫೀಸಿಗೆ ಅಂದರೆ ಮಾತ್ರ ಬೇಡ. ಹಿಂಜವಡಿ ಟ್ರಾಫಿಕ್‌ನಲ್ಲಿ 20 ವರ್ಷದ ಕೂಲಿಂಗ್ ಸಿಸ್ಟಮ್ ಇಟ್ಟುಕೊಂಡು ಒದ್ದಾಡಬೇಡಿ.

ನೋಡೋಕೆ ಹೋದಾಗ ಇಂಜಿನ್ ತಣ್ಣಗಿರಲಿ. ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರಾ ಅಂತ ಬಾನೆಟ್ ಮುಟ್ಟಿ ನೋಡಿ. ಸ್ಟಾರ್ಟ್ ಮಾಡುವಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್ ಹೋಗಿರಬಹುದು. ಆಯಿಲ್ ಹಾಕೋ ಮುಚ್ಚಳ ತೆಗೆದು ಒಳಗೆ ಕಪ್ಪು ಜಿಡ್ಡು ಕಟ್ಟಿದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗಳಿಗೆ ಬಡಿಯುತ್ತೆ, ಇಂಜಿನ್ ಕಥೆ ಮುಗಿಯಿತು. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತೆ, ಎರಡನ್ನೂ ಒಟ್ಟಿಗೇ ಬದಲಿಸಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇದೆ, ಹಾಗಾಗಿ ಹಳೆ ರಬ್ಬರ್ ಫ್ಯೂಯೆಲ್ ಪೈಪ್‌ಗಳನ್ನೂ ಒಮ್ಮೆ ಹೊಸದು ಮಾಡಿಸಿಬಿಡಿ.

ಕಾಗದಪತ್ರ: 2005ರ ಗಾಡಿ ಅಂದರೆ ಆರ್‌ಸಿ 15 ವರ್ಷ ತುಂಬಿದಾಗ ಒಂದು ಸಲ, ಆಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಆಗಿರಬೇಕು. ಇಲ್ಲಿ ಎಂಎಚ್-14 ನಂಬರ್ ಮಾಡಿಸೋಕೆ ಬೆಳಗಾವಿ ಆರ್‌ಟಿಒದಿಂದ ಎನ್‌ಒಸಿ ಬೇಕು, ಮಹಾರಾಷ್ಟ್ರದ ರೋಡ್ ಟ್ಯಾಕ್ಸ್ ಕಟ್ಟಬೇಕು. ಅದನ್ನೂ ಸೇರಿಸಿ ಚೌಕಾಸಿ ಮಾಡಿ.

ಪ್ರಶ್ನೆ (ಕೋಥ್ರೂಡ್): ಅಣ್ಣ, ಇಷ್ಟು ಹಳೆಯದಲ್ವಾ, ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದಾ? ರೀಮ್ಯಾಪ್ (ಪವರ್ ಏರಿಸೋಕೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸೋದು) ಮಾಡಿಸಿದರೆ ಹೇಗೆ?

ಉತ್ತರ: ಇಲ್ಲಮ್ಮ. ನಮ್ಮ ಕಾಯ್ದೆಯಲ್ಲಿ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ಆಗಿರಬೇಕು. ರೀಮ್ಯಾಪ್ ಬೇಡವೇ ಬೇಡ. ಪವರ್ ಏರಿಸಿದರೆ ಹಳೆ ಕ್ಲಚ್ ಮೊದಲು ಹೋಗುತ್ತೆ. ಮತ್ತೆ, ಹಳೆ ಆರ್‌ಎಸ್ ಹುಡುಕಿಕೊಂಡು ಬರೋರು ಒರಿಜಿನಲ್ ಗಾಡಿಯನ್ನೇ ಕೇಳೋದು. ಕೈ ಹಾಕದೇ ಉಳಿಸಿಕೊಂಡಿರೋದು ಈಗ ಕಣ್ಣಿಗೆ ಬೀಳೋದೇ ಅಪರೂಪ. ವಾಕಡ್‌ನವರೇ, ಬೆಲ್ಟಿನ ಬಿಲ್ ಸಿಕ್ಕರೆ ಫೋಟೋ ಹಾಕಿ, ನೋಡಿ ಹೇಳ್ತೀನಿ.