ಕಚ್ಚುವ ‘ಮಿಡ್ಜ್’: ನುಸಿಯೋ, ನೊರಜೋ?

ಗೆಳೆಯರೇ,

ದನ, ಕುರಿಗಳಿಗೆ ರೋಗ ಹರಡುವ ಒಂದು ಪುಟ್ಟ ಹುಳವನ್ನು ಡಿಎನ್‌ಎ ಮೂಲಕ ಗುರುತಿಸುವ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ‘ಬೈಟಿಂಗ್ ಮಿಡ್ಜ್’ಗೆ ಕನ್ನಡದಲ್ಲಿ ಏನನ್ನೋಣ? ವಿಜ್ಞಾನದ ಹೆಸರು ಕ್ಯುಲಿಕಾಯ್ಡಿಸ್. ಉದ್ದ 1ರಿಂದ 3 ಮಿಲಿಮೀಟರ್, ಅಷ್ಟೇ. ಕುರಿಗಳ ನೀಲಿ ನಾಲಿಗೆ ರೋಗ ಹರಡುವುದು ಇದೇ.

‘ಸೊಳ್ಳೆ’ ಅನ್ನುವಂತಿಲ್ಲ, ಅದರ ಕುಟುಂಬವೇ ಬೇರೆ. ‘ಮರಳು ನೊಣ’ ಎಂಬ ಹೆಸರು ಕಾಲಾ ಅಜಾರ್ ಎಂಬ ಜ್ವರ ಹರಡುವ ಹುಳಕ್ಕೆ ಹೋಗಿಬಿಟ್ಟಿದೆ. ‘ನುಸಿ’ ಕಿವಿಗೆ ಚೆನ್ನಾಗಿದೆ. ಆದರೆ ತೆಂಗಿನ ನುಸಿಗೆ ರೆಕ್ಕೆಯೇ ಇಲ್ಲ, ಅದು ಕೀಟವೂ ಅಲ್ಲ. ಉಳಿದದ್ದು ‘ನೊರಜು’. ನೊರಜು ಅಂದರೆ ನನಗೆ ನೆನಪಾಗುವುದು ಕಣ್ಣಿನ ಮುಂದೆ ಸುಮ್ನೆ ಸುತ್ತುವ, ಕಚ್ಚದ ಹುಳ. ಹಾಗಾಗಿ ‘ಕಚ್ಚುವ ನೊರಜು’ ಎಂದು ಬರೆದಿಟ್ಟಿದ್ದೇನೆ. ಕಚ್ಚುವುದು ಹೆಣ್ಣು ಮಾತ್ರ.

‘ಕಚ್ಚು’ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನಾವು ಸೊಳ್ಳೆ ಕಚ್ಚಿತು ಅಂತೀವಿ, ಆದರೆ ಅದು ಮಾಡುವುದು ಚುಚ್ಚಿ ಹೀರುವ ಕೆಲಸ. ಈ ಹುಳ ಚರ್ಮವನ್ನೇ ಕೊಯ್ದು, ಅಲ್ಲಿ ಒಸರಿದ ರಕ್ತ ಕುಡಿಯುತ್ತದೆ. ಸೊಳ್ಳೆಗಿಂತ ಇದಕ್ಕೇ ಆ ಮಾತು ಸರಿ, ಅಲ್ವಾ?

ಇನ್ನೊಂದು ತೊಡಕು ಜಾಸ್ತಿ ಕಾಡುತ್ತಿದೆ: ‘ಗುರುತಿಸು’ ಮತ್ತು ‘ಪತ್ತೆ ಹಚ್ಚು’. ಸಾಮಾನ್ಯವಾಗಿ ಈ ಹುಳಗಳ ಜಾತಿ ತಿಳಿಯಲು ರೆಕ್ಕೆಯ ಮೇಲಿನ ಚುಕ್ಕೆ, ಪಟ್ಟೆ ನೋಡುತ್ತಾರೆ. ಆದರೆ ಒಬ್ಸೊಲೆಟಸ್ ಮತ್ತು ಸ್ಕೋಟಿಕಸ್ ಎಂಬ ಎರಡು ಜಾತಿಗಳ ಹೆಣ್ಣುಗಳನ್ನು ಹೀಗೆ ಬೇರೆ ಮಾಡುವುದು ಬಲು ಕಷ್ಟ. ಆಗ ‘ಸಿಒಐ’ ಎಂಬ ಜೀನಿನ ಸುಮಾರು 650 ಡಿಎನ್‌ಎ ‘ಅಕ್ಷರ’ಗಳ ತುಣುಕನ್ನು ಓದಿ, ಮೊದಲೇ ಗೊತ್ತಿರುವ ಜಾತಿಗಳ ತುಣುಕಿನ ಜೊತೆ ಹೋಲಿಸುತ್ತಾರೆ. ಡಿಎನ್‌ಎ ಬಾರ್‌ಕೋಡಿಂಗ್ ಅಂದರೆ ಇದೇ. ಇದಕ್ಕೆ ನಾನು ‘ಗುರುತಿಸು’ ಅನ್ನುತ್ತೇನೆ.

ಅದೇ ಹುಳದೊಳಗೆ ವೈರಸ್ ಇದೆಯಾ ಅಂತ ಹುಡುಕುವುದು ಬೇರೆ ಪರೀಕ್ಷೆ. ನೀಲಿ ನಾಲಿಗೆಯ ವೈರಸ್‌ನಲ್ಲಿರುವುದು ಡಿಎನ್‌ಎ ಅಲ್ಲ, ಅದನ್ನು ಹೋಲುವ ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ಪ್ರತಿಯಾಗಿ ಮಾಡಿಕೊಂಡು, ಆ ಪ್ರತಿಯನ್ನು ಹಲವು ಪಟ್ಟು ಹೆಚ್ಚಿಸುವ ‘ಪಿಸಿಆರ್’ ಪರೀಕ್ಷೆಗೆ ಹಾಕಬೇಕು. ಇದು ‘ಪತ್ತೆ’. ಎರಡಕ್ಕೂ ‘ಪತ್ತೆ’ ಅಂತಲೇ ಬರೆದರೆ ಓದುವವರಿಗೆ ಸಿಕ್ಕಿದ್ದು ಹುಳವೋ ವೈರಸ್ಸೋ ತಿಳಿಯುವುದಿಲ್ಲ.

‘ರೋಗ ಹರಡುವ’ ಎಂದು ಬರೆಯುವಾಗಲೂ ಕೈ ತಡೆಯುತ್ತದೆ. ವೈರಸ್ ಸಿಕ್ಕ ಮಾತ್ರಕ್ಕೆ ಹುಳ ರೋಗ ಹರಡುತ್ತದೆ ಅನ್ನುವಂತಿಲ್ಲ. ಆಗಷ್ಟೇ ಕುಡಿದ ರಕ್ತದಲ್ಲಿ ಅದು ಬಂದಿರಬಹುದು. ವೈರಸ್ ಹುಳದ ಮೈಯಲ್ಲಿ ಬೆಳೆದು ಜೊಲ್ಲಿಗೆ ಇಳಿದರೆ ಮಾತ್ರ ಅದು ಹರಡುವ ಹುಳ. ಇಂಥದ್ದಕ್ಕೆ ‘ವಾಹಕ’ ಅನ್ನುವ ರೂಢಿ ಇದೆ. ಆದರೆ ಬರೀ ಹೊತ್ತು ತಿರುಗುವುದಕ್ಕೂ ಅದೇ ಪದ ಹೊಂದುತ್ತದಲ್ಲ?

ನಿಮ್ಮ ಕಡೆ ‘ನೊರಜು’ ಕಚ್ಚುತ್ತದೆಯೇ? ಕಚ್ಚುವ ಪುಟ್ಟ ಹುಳಕ್ಕೆ ಬೇರೆಯೇ ಹೆಸರಿದ್ದರೆ ದಯವಿಟ್ಟು ತಿಳಿಸಿ.