ಅಧಿಕೃತ ಮಾಂಗಾ (ಜಪಾನಿ ಕಾಮಿಕ್ಸ್) ಇದ್ದರೂ ಅಭಿಮಾನಿ ಅನುವಾದವೇ ಯಾಕೆ?

ಪ್ರಶ್ನೆ: ಜಪಾನಿನ ಪ್ರಕಾಶಕ ಶೂಯೇಶಾದ ಮಾಂಗಾ ಪ್ಲಸ್ ಆ್ಯಪ್ 2019ರಿಂದ ಜಪಾನಿನ ಜೊತೆಜೊತೆಗೇ ಇಂಗ್ಲಿಷ್ ಅಧ್ಯಾಯ ಕೊಡುತ್ತಿದೆ. ಆದರೂ ಎಷ್ಟೋ ಓದುಗರು, ಅಭಿಮಾನಿಗಳು ಪುಟ ಸ್ಕ್ಯಾನ್ ಮಾಡಿ ಅನಧಿಕೃತವಾಗಿ ಅನುವಾದಿಸಿದ ಸ್ಕ್ಯಾನ್‌ಲೇಷನ್ನೇ ಹುಡುಕುತ್ತಾರಲ್ಲ?

ಉತ್ತರ 1: ನನ್ನ ಪ್ರಕಾರ ದೊಡ್ಡ ಕಾರಣ ಸಂಬೋಧನೆ. ಜಪಾನಿಯಲ್ಲಿ ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ‘ಸಾನ್’ ಬಿಟ್ಟು ಬರೀ ಹೆಸರು ಹಿಡಿದು ಕರೆದರೆ, ಅದು ನಮ್ಮಲ್ಲಿ ‘ನೀವು’ ಹೋಗಿ ‘ನೀನು’ ಆದ ಹಾಗೆ; ಇಡೀ ದೃಶ್ಯ ಅದರ ಮೇಲೆ ನಿಂತಿರುತ್ತದೆ. ಅಧಿಕೃತ ಇಂಗ್ಲಿಷಿನಲ್ಲಿ ಎಷ್ಟೋ ಸಲ ಎರಡೂ ಕಡೆ ಬರೀ ಹೆಸರೇ. ಅಭಿಮಾನಿಗಳು ‘ಸಾನ್’ ಉಳಿಸಿ ಅಂಚಿನಲ್ಲಿ ಟಿಪ್ಪಣಿ ಹಾಕುತ್ತಾರೆ. ಹೆಸರುಗಳೂ ಅಷ್ಟೇ: ಒನ್ ಪೀಸ್‌ನ ಪಾತ್ರ ಜೋರೋ, ಅಧಿಕೃತ ಇಂಗ್ಲಿಷ್ ಪ್ರಕಾಶಕ ವಿಜ್ ಆವೃತ್ತಿಯಲ್ಲಿ ‘ಜೋಲೋ’!

ಉತ್ತರ 2: ಇಂಗ್ಲಿಷಿಗೆ ಪರವಾನಗಿಯೇ ಸಿಗದ ಕೃತಿಗಳಿಗೆ ಬೇರೆ ದಾರಿಯೂ ಇಲ್ಲ.

ಉತ್ತರ 3: ಅಭಿಮಾನಿ ಅನುವಾದ ಎಂದರೆ ನಿಖರ ಅಂದುಕೊಳ್ಳಬೇಡಿ. ಜಪಾನಿ ವಾಕ್ಯದಲ್ಲಿ ಕರ್ತೃಪದ ಆಗಾಗ ಇರುವುದೇ ಇಲ್ಲ. ಅವಸರದಲ್ಲಿ ‘ನಾನು’ ಇರಬೇಕಾದಲ್ಲಿ ‘ಅವನು’ ಬಂದು ಕೂರುತ್ತದೆ. ಚೀನೀ ಅನುವಾದದಿಂದ ಮತ್ತೆ ಇಂಗ್ಲಿಷಿಗೆ ತಂದಿದ್ದರೆ ಇನ್ನೂ ಕೆಡುತ್ತದೆ. ಚಿತ್ರಕಾರರಿಗೆ ಕಾಸೂ ಸೇರುವುದಿಲ್ಲ. ಹೊಸ ಅಧ್ಯಾಯವನ್ನು ಅಧಿಕೃತವಾಗಿಯೇ ಓದಿ, ಅನುಮಾನ ಬಂದ ಮಾತಿಗೆ ಜಪಾನಿ ಪುಟ ತೆಗೆದು ನೋಡಿ.