‘ಕಿಲುಬು’ ಅಂದರೆ ಸಾಕಾ? ಹಳೇ ನಾಣ್ಯದ ಬಣ್ಣಕ್ಕೆ ಎರಡು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಹಳೇ ನಾಣ್ಯ ಕೂಡಿಸುವ ಗೆಳೆಯರೊಬ್ಬರು ತಮ್ಮ ಸಂಗ್ರಹಕ್ಕೆ ಕನ್ನಡದಲ್ಲಿ ಚೀಟಿ ಬರೆದುಕೊಡಿ ಅಂದರು. ರಾಜನ ಹೆಸರು, ವರ್ಷ, ಬೆಲೆ ಎಲ್ಲ ಸಲೀಸಾಗಿ ಮುಗಿಯಿತು. ಬಣ್ಣದ ವಿಷಯಕ್ಕೆ ಬಂದು ಸಿಕ್ಕಿಹಾಕಿಕೊಂಡೆ. ವರ್ಷಗಟ್ಟಲೆ ಗಾಳಿ, ತೇವ, ಕೈಬೆವರು ತಾಗಿ ತಾಮ್ರ ತಾನಾಗಿ ಕಂದಾಗುತ್ತದಲ್ಲ, ಅದಕ್ಕೊಂದು ಪದ ಬೇಕು. ಟಂಕಸಾಲೆಯಲ್ಲಿ ಲೋಹ ಕರಗಿಸುವಾಗ ಸರಿಯಾಗಿ ಬೆರೆಯದೆ ನಾಣ್ಯದಲ್ಲಿ ಹಳದಿ ಗೆರೆ ಉಳಿಯುತ್ತದಲ್ಲ, ಅದಕ್ಕೆ ಬೇರೆ ಪದ ಬೇಕು. ಮಾರುವವರು ಎರಡಕ್ಕೂ ‘ಟೋನಿಂಗ್’ (ತಾನಾಗಿ ತಿರುಗಿದ ಬಣ್ಣ) ಅಂತಾರೆ, ಇಲ್ಲವೇ ಎರಡಕ್ಕೂ ‘ಎರರ್’ (ಟಂಕಸಾಲೆಯ ತಪ್ಪು) ಅಂತಾರೆ. ಯಾವುದಕ್ಕೆ ಜಾಸ್ತಿ ದುಡ್ಡು ಸಿಗುತ್ತೋ ಅದು. ನನ್ನ ಗೆಳೆಯರೇ ಒಮ್ಮೆ ಹೀಗೆ ಮೋಸಹೋಗಿದ್ದಾರೆ.

ಮೊದಲು ನೆನಪಾಗಿದ್ದು ‘ಕಿಲುಬು’. ಒಳ್ಳೆಯ ಹಳೇ ಪದ. ತೆಲುಗಿನಲ್ಲಿ ‘ಚಿಲುಮು’. ನಮ್ಮ ಕಿವಿ ಅಲ್ಲಿ ಚೆವಿ ಆದ ಹಾಗೆಯೇ ಇದೂ. ಆದರೆ ನಮ್ಮ ಅಡುಗೆಮನೆಯಲ್ಲಿ ಕಿಲುಬು ಅಂದರೆ ಹಸಿರು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಬರುತ್ತದಲ್ಲ, ಬಾಯಿಗಿಟ್ಟರೆ ಒಗರು, ಅದು. ‘ಕಿಲುಬು ಕಾಸು’ ಅಂದರೆ ಕೆಲಸಕ್ಕೆ ಬಾರದ ಕಾಸು ಅಂತಲೇ ಅರ್ಥ. ಕಾಫಿಬೀಜದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿರುವ ಒಂದು ಚೆಂದದ ನಾಣ್ಯವನ್ನು ಕಿಲುಬು ಹಿಡಿದಿದೆ ಅಂದರೆ ಅದರ ಯಜಮಾನರು ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ‘ತುಕ್ಕು’ ಕಬ್ಬಿಣಕ್ಕೆ ಹೋಯಿತು. ‘ಕಲೆ’ ಅಂದರೆ ತಪ್ಪು ಅನ್ನಿಸುತ್ತದೆ.

ನನಗೆ ಹೊಳೆದದ್ದು ‘ಮಾಗು’. ಮಾಗಿದ ಬಣ್ಣ, ಮಾಗಿದ ನಾಣ್ಯ. ಇದರಲ್ಲಿ ಒಂದು ಅನುಕೂಲವೂ ಇದೆ. 1897ರಿಂದ ಸುಮಾರು 20 ವರ್ಷ ಇಂಗ್ಲೆಂಡಿನ ಟಂಕಸಾಲೆ ಫಾರ್ದಿಂಗ್ ಅನ್ನುವ ಕಂಚಿನ ಕಾಲು ಪೆನ್ನಿ ನಾಣ್ಯಗಳನ್ನು ಬೇಕೆಂದೇ ಕಪ್ಪು ಮಾಡಿ ಹೊರಗೆ ಬಿಡುತ್ತಿತ್ತು. ಹೊಸದಾಗಿ ಹೊಳೆಯುವಾಗ ಜನ ಅದನ್ನು ಚಿನ್ನದ ಅರ್ಧ ಸಾವರಿನ್ ಅಂತ ತಿಳಿಯದಿರಲಿ ಅಂತ. ಅದು ಮಾಗಿದ್ದಲ್ಲ, ಮಾಗಿಸಿದ್ದು. ಹೊಗೆ ಹಾಕಿ ಹಣ್ಣು ಮಾಡಿದ ಬಾಳೆಗೊನೆಯ ಹಾಗೆ. ಇವತ್ತು ಗಂಧಕ ಹಚ್ಚಿ ಬಣ್ಣ ಬರಿಸುವವರ ಸರಕಿಗೂ ಇದೇ ಪದ ಒಪ್ಪುತ್ತದೆ.

ಇನ್ನೊಂದು ಪದ ಕಷ್ಟ. ‘ಬೆರಕೆ’ ಅಂದ ಕೂಡಲೇ ಕಲಬೆರಕೆ ನೆನಪಾಗುತ್ತದೆ, ಹಾಲಿಗೆ ನೀರು ಹಾಕಿದ ಹಾಗೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಮೂಸೆಯಲ್ಲಿ ಲೋಹ ಒಂದಕ್ಕೊಂದು ಸೇರಿಲ್ಲ, ಅಷ್ಟೇ. ‘ಹದಗೆಟ್ಟ ಬೆರಕೆ’ ಅನ್ನಬಹುದಾ?

ಎದುರಿಗಿರುವ ನಾಣ್ಯವನ್ನೇ ಹೇಳುತ್ತೇನೆ. ಐದನೇ ಜಾರ್ಜ್ ಕಾಲದ ಕಂಚಿನ ಕಾಲಾಣೆ. ಮಸೂರದಲ್ಲಿ ನೋಡಿದರೆ ತೇಗದ ಹಲಗೆಯ ಎಳೆಯಂತೆ ಹಳದಿ ಗೆರೆಗಳು. ರಾಜನ ಕೆನ್ನೆ, ಕಿವಿ, ಪಕ್ಕದ ಅಕ್ಷರ ಯಾವುದನ್ನೂ ಲೆಕ್ಕಿಸದೆ ಒಂದೇ ದಿಕ್ಕಿನಲ್ಲಿ ಹಾದುಹೋಗಿವೆ. ತಗಡು ಮಾಡುವಾಗ ಲೋಹವನ್ನು ಉರುಳೆಗಳ ನಡುವೆ ಎಳೆದ ದಿಕ್ಕು ಅದು. ಮಾಗಿದ ಬಣ್ಣ ಹೀಗೆ ನಡೆಯುವುದಿಲ್ಲ. ಅದು ಅಕ್ಷರದ ಸಂದಿಯಲ್ಲಿ ಗಾಢವಾಗಿ ನಿಲ್ಲುತ್ತದೆ, ಕೈ ತಾಗಿ ತಾಗಿ ಕೆನ್ನೆಯ ಮೇಲೆ ತೆಳುವಾಗುತ್ತದೆ.

ತಮಾಷೆ ಏನು ಗೊತ್ತಾ? ಹೊಸದಾಗಿದ್ದಾಗ ಈ ಗೆರೆ ಕಣ್ಣಿಗೆ ಬೀಳದೆಯೂ ಇರಬಹುದು. ತವರ, ಸತು ಜಾಸ್ತಿ ಇರುವ ಎಳೆ ಒಂದು ಬಣ್ಣಕ್ಕೆ, ತಾಮ್ರ ಜಾಸ್ತಿ ಇರುವ ಎಳೆ ಇನ್ನೊಂದಕ್ಕೆ ಮಾಗುತ್ತದೆ. ಹುಟ್ಟಿನ ತಪ್ಪನ್ನು ಮಾಗುವುದೇ ಹೊರಗೆ ಹಾಕುತ್ತದೆ. ಹಾಗಾಗಿ ‘ಒಂದೋ ಇದು, ಇಲ್ಲ ಅದು’ ಅಂತ ಚೀಟಿ ಬರೆದರೆ ಸುಳ್ಳಾಗುತ್ತದೆ.

ಇನ್ನೆರಡು ವಿಷಯ. 1906ಕ್ಕೆ ಮುಂಚಿನ ಕಾಲಾಣೆ ಕಂಚಲ್ಲ, ತಾಮ್ರ. ಬೆರೆಸುವುದೇ ಇಲ್ಲದ ಕಡೆ ಬೆರಕೆಯ ಹದ ತಪ್ಪುವುದು ಹೇಗೆ? ಆಮೇಲಿನ ಕಂಚಿನಲ್ಲಿ 95 ಪಾಲು ತಾಮ್ರ, ಉಳಿದದ್ದು ತವರ ಮತ್ತು ಸತು. ಹಾಗೆಯೇ 1962ರ ನಯಾ ಪೈಸೆ ಕೆಲವು ಕಂಚಿನವು, ಕೆಲವು ನಿಕಲ್-ಹಿತ್ತಾಳೆಯವು. ಆ ಹಳದಿ ನಾಣ್ಯ ತಪ್ಪಲ್ಲ, ಸರ್ಕಾರವೇ ಲೋಹ ಬದಲಿಸಿತು. ಅಂಥದ್ದೇ ಒಂದನ್ನು ‘ಅಪರೂಪದ ತಪ್ಪು’ ಅಂತ ನನ್ನ ಗೆಳೆಯರಿಗೆ ಯಾರೋ ಮಾರಿದ್ದು. ನನ್ನ ಅಮ್ಮನನ್ನು ಕೇಳಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ ನೋಡು ಅನ್ನುತ್ತಿದ್ದರು. ದಯವಿಟ್ಟು ಯಾರೂ ತಿಕ್ಕಬೇಡಿ.

ಈಗ ಪ್ರಶ್ನೆ. ಎರಕ ಹೊಯ್ಯುವವರು, ಕಂಚುಗಾರರು ಇರುವ ಊರಿನವರು ಇಲ್ಲಿ ಯಾರಾದರೂ ಇದ್ದೀರಾ? ಲೋಹ ಸರಿಯಾಗಿ ಕೂಡದೆ ಗೆರೆ ಬಿದ್ದರೆ ನಿಮ್ಮ ಕಡೆ ಏನಂತಾರೆ? ನಿಮ್ಮ ಮನೆಯಲ್ಲಿ ‘ಕಿಲುಬು’ ಹಸಿರಿಗೆ ಮಾತ್ರವೋ, ಕಪ್ಪಿಗೂ ಹೇಳುತ್ತೀರೋ? ಊರಿನ ಹೆಸರನ್ನೂ ಬರೆಯಿರಿ.